ಕೌರಿ ಮರದ ಮುಚ್ಚಳ

ಹಿಂದಿನ ಗಾಜಿಗೆ ಹೂರಿಯಾ ಅಜ್ಜಿಯ ಊರುಗೋಲು ಬಡಿದಾಗ ನಿಕೋರಾ ಕೇಳಿಸದವನಂತೆ ಗಾಡಿ ಓಡಿಸಿದ. ಇನ್ನೊಮ್ಮೆ ಬಡಿಯಿತು. ಆಗಲೂ ಸುಮ್ಮನಿದ್ದ. ಮತ್ತೆ ಬಡಿದಾಗ ಗಾಜು ಒಡೆದೇ ಹೋಗುತ್ತದೇನೋ ಅನ್ನಿಸಿತು.

“ನಿಲ್ಸೋ! ಕಿವಿಗೆ ಏನ್ ಮರಳು ತುಂಬ್ಕೊಂಡಿದೀಯಾ?”

“ಇಲ್ಲಿ ಆಗಲ್ಲ ಅಜ್ಜೀ! ನೆಲ ಹಿಟ್ಟಿನ ಥರ ಇದೆ!”

“ನನ್ನಣ್ಣ ಚಡ್ಡಿ ಹಾಕ್ಕೊಳೋದಕ್ಕಿಂತ ಮುಂಚಿಂದ ಇಲ್ಲಿ ಚಿಪ್ಪು ಹೆಕ್ಕಿದಾನೆ. ಈ ಜಾಗಕ್ಕೊಂದು ಮಾತು ಹೇಳದೆ ದಾಟಿ ಹೋಗ್ತಾನಾ? ನಿಲ್ಸು ಅಂದ್ರೆ ನಿಲ್ಸು.”

ಪಕ್ಕದ ಸೀಟಿನಲ್ಲಿ ಟೀಪೆನೆ ಮಾವನಿದ್ದ. ಅವನೂ ಏನೂ ಹೇಳುವ ಹಾಗಿರಲಿಲ್ಲ. ಹೆಣದ ಪಕ್ಕ ಕೂತ ಹೆಂಗಸಿನ ಮಾತಿಗೆ ಎದುರಾಡುವ ಗಂಡಸು ಆ ಕಡಲಂಚಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಗಾಡಿಯ ಹಿಂಭಾಗದಲ್ಲಿ, ಟಾರ್ಪಾಲಿನ ಸೂರಿನ ಕೆಳಗೆ, ಹೈಮೋನಾ ತಾತ, ಟೀಪೆನೆಯ ಅಪ್ಪ, ಪೆಟ್ಟಿಗೆಯಲ್ಲಿ ಮಲಗಿದ್ದ. ಆಸ್ಪತ್ರೆಯಿಂದ ಹೊರಟಾಗಿನಿಂದ ಅವನ ತಂಗಿ ಹೂರಿಯಾ ಪಕ್ಕದಲ್ಲಿ ಹಾಸಿಗೆ ಹಾಕಿಕೊಂಡು ಕೂತಿದ್ದಳು. ಮಣ್ಣಿಗೆ ಇಡುವವರೆಗೆ ಸತ್ತವನನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುವಂತಿಲ್ಲ.

ನಿಕೋರಾ ಬ್ರೇಕು ಒತ್ತಿದ. ಒತ್ತಿದ ಕಾಲಿಗೇ ತಿಳಿದುಹೋಯಿತು. ಗಾಡಿ ನಿಂತದ್ದು ನೆಲದ ಮೇಲಲ್ಲ, ನೆಲದ ಒಳಗೆ.

ಅಜ್ಜಿ ಹಿಂದಿನ ಬಾಗಿಲು ತೆರೆದು, ಕಡಲಿಗೆ ಮುಖ ಮಾಡಿ, ಅಣ್ಣನ ಪರವಾಗಿ ಆ ಜಾಗಕ್ಕೆ ವಿದಾಯ ಹೇಳಿದಳು. ದನಿ ಏರಿತು, ಎಳೆಯಿತು, ಅಲೆಗಳ ಸದ್ದಿನೊಳಗೆ ಮುಳುಗಿ ಮತ್ತೆ ಎದ್ದಿತು. ಬೇರೆ ದಿನವಾಗಿದ್ದರೆ ನಿಕೋರಾನ ಮೈ ಜುಮ್ಮೆನ್ನುತ್ತಿತ್ತು. ಈಗ ಅವನ ಕಣ್ಣು ಎಡಗಡೆಯ ಅಲೆಗಳ ಮೇಲಿತ್ತು. ನೀರು ಇಳಿದಾಗ ಈ ದಂಡೆ ಟಾರು ರಸ್ತೆಯಂತೆ ಗಟ್ಟಿ. ಟೂರಿಸ್ಟ್ ಬಸ್ಸುಗಳೇ ಓಡುತ್ತವೆ. ಆದರೆ ಆ ಹೊತ್ತು ಮೀರಿ ಎಷ್ಟೋ ಆಗಿತ್ತು. ಪರ್ತ್‌ನಿಂದ ಬರಬೇಕಿದ್ದ ಮಾವನ ವಿಮಾನ ತಡ, ಆಮೇಲೆ ಮಾವನ ಸೂಟ್‌ಕೇಸು ತಡ, ಆಮೇಲೆ ಮಾವನಿಗೆ ಕಾಫಿ. ಏರುತ್ತಿದ್ದ ನೀರು ಗಟ್ಟಿ ಮರಳನ್ನೆಲ್ಲ ನುಂಗಿ, ಗಾಡಿಯನ್ನು ಮೇಲಿನ ಒಣ ಮರಳಿಗೆ ತಳ್ಳಿತ್ತು. ಬಲಕ್ಕೆ ಮರಳುದಿಬ್ಬ. ಚಳಿಗಾಲದ ಅಲೆಗಳು ಅದನ್ನು ಗೋಡೆಯಂತೆ ಕಡಿದು ನಿಲ್ಲಿಸಿದ್ದವು. ಗಾಡಿ ದಂಡೆಯಿಂದ ಮೇಲೆ ಹತ್ತುವ ದಾರಿ ಇದ್ದದ್ದು ಮುಂದೆ, ಕರಿಬಂಡೆಗಳ ಹತ್ತಿರ ಮಾತ್ರ. ಅವು ಕಣ್ಣಿಗೆ ಕಾಣುತ್ತಿದ್ದವು, ಅಷ್ಟೆ.

“ಹೂಂ, ನಡಿ,” ಎಂದಳು ಅಜ್ಜಿ, ಬಾಗಿಲು ಎಳೆದುಕೊಂಡು.

ನಿಕೋರಾ ಗೇರು ಹಾಕಿದ. ನಾಲ್ಕೂ ಚಕ್ರ ತಿರುಗಿದವು. ಗಾಡಿ ಒಂದು ಗೇಣು ಮುಂದೆ ಹೋಗಿ, ಮುದಿ ದನ ಕೂತ ಹಾಗೆ ಹಿಂದಿನಿಂದ ಕುಸಿಯಿತು. ಅವನು ಇನ್ನಷ್ಟು ಒತ್ತಿದ. ಎಂಜಿನ್ ಚೀರಿತು, ಮರಳು ಕಾರಂಜಿಯಂತೆ ಹಾರಿ ಟಾರ್ಪಾಲಿಗೆ ಬಡಿಯಿತು.

“ಬಿಡೋ, ಬಿಡು! ಬಾವಿ ತೋಡ್ತಿದೀಯಾ ಏನು?” ಎಂದ ಟೀಪೆನೆ.

“ನೀನು ಸುಮ್ನಿರು.”

“ನಾನು ಸುಮ್ನೇ ಇದ್ದೆ. ಬೆಳಗ್ಗೆನೇ ಹೇಳ್ದೆ, ರಸ್ತೇಲಿ ಹೋಗೋಣ ಅಂತ. ಎಲ್ರೂ ರಸ್ತೇಲೇ ಹೋದ್ರು. ಈಗ ಅವರು ಟೀ ಕುಡೀತಿರ್ತಾರೆ.”

“ರಸ್ತೇಲಿ ಹೋಗೋದಕ್ಕೆ ತಾತನೇನು ಹಾಲಿನ ಲಾರಿನಾ?” ನಿಕೋರಾ ಬಾಗಿಲು ಒದ್ದು ಇಳಿದ. ಶೂ ಕಾಲುಗಂಟಿನವರೆಗೆ ಹೂತುಹೋಯಿತು.

ರಸ್ತೆ ಬೇಡವೆಂದದ್ದು ತಾತನೇ. ಕೊನೆಯ ವಾರ, ಉಸಿರಿಗೆ ಒಂದೊಂದು ಪದದ ಹಾಗೆ ಹೇಳಿದ್ದ: ದಂಡೆಯ ಮೇಲೆ ಕರೆದುಕೊಂಡು ಹೋಗು, ನಮ್ಮ ಹಿರಿಯರೆಲ್ಲ ಸತ್ತ ಮೇಲೆ ನಡೆದುಹೋದದ್ದು ಅದೇ ದಾರಿಯಲ್ಲಿ, ಬೆಳಕಿರುವಾಗಲೇ ಅಂಗಳಕ್ಕೆ ಸೇರಿಸು, ನಾಯಿಯ ಹಾಗೆ ಬೇಲಿಯ ಹೊರಗೆ ರಾತ್ರಿ ಕಳೆಯುವಂತೆ ಮಾಡಬೇಡ. ಸೂರ್ಯ ಮುಳುಗಿದ ಮೇಲೆ ಹೆಣವನ್ನು ಕುಲದ ಅಂಗಳದೊಳಗೆ ತರುವಂತಿಲ್ಲ. ಮರುದಿನ ಬೆಳಗಾಗುವವರೆಗೆ ಬಾಗಿಲ ಹೊರಗೇ ಕಾಯಬೇಕು. ಆಯಿತು ತಾತ ಎಂದು ನಿಕೋರಾ ಮಾತು ಕೊಟ್ಟಿದ್ದ. ಅವನ ಇಪ್ಪತ್ತಮೂರು ವರ್ಷದ ಬದುಕಿನಲ್ಲಿ ಯಾರೂ ಅವನ ಹತ್ತಿರ ಮಾತು ಕೇಳಿರಲಿಲ್ಲ. ಅವನ ಮಾತಿಗೆ ಬೆಲೆಯಿದೆ ಎಂದುಕೊಂಡಿದ್ದ ಒಬ್ಬನೇ ಮನುಷ್ಯ ಈಗ ಪೆಟ್ಟಿಗೆಯಲ್ಲಿದ್ದ. ಸೂರ್ಯ ಆಗಲೇ ಕಡಲ ಕಡೆಗೆ ವಾಲಿದ್ದ.

ಅವನು ಬಗ್ಗಿ ನೋಡಿದ. ಹಿಂದಿನ ಚಕ್ರಗಳು ಅರ್ಧಕ್ಕೂ ಹೆಚ್ಚು ಒಳಗೆ. ಗಾಡಿಯ ಹೊಟ್ಟೆ ಮರಳಿಗೆ ತಾಗಿತ್ತು.

“ಸನಿಕೆ ಎಲ್ಲಿ?” ಎಂದ ಟೀಪೆನೆ, ಕೋಟಿನ ತೋಳು ಮಡಚುತ್ತ. “ಜಾಕ್ ಎಲ್ಲಿ? ಹಲಗೆಗಳೆಲ್ಲಿ? ಬೇಲಿ ಕೆಲಸದವನ ಗಾಡಿ ಅಲ್ವೇನೋ ಇದು?”

ನಿಕೋರಾ ಚಕ್ರದ ಪಕ್ಕದ ಮರಳನ್ನು ಒದ್ದ.

“ಕೇಳ್ತಿದೀನಿ.”

“ಇಳಿಸಿದೀನಿ.”

“ಏನಿಳಿಸಿದೀಯಾ?”

“ಎಲ್ಲಾ!” ನಿಕೋರಾ ಕಿರುಚಿದ. “ಸನಿಕೆ, ಜಾಕು, ತಂತಿ ಎಳೆಯೋ ಸರಪಳಿ, ಹಗ್ಗ, ಸ್ಟೆಪ್ನಿ, ಎಲ್ಲಾ ಶೆಡ್ಡಲ್ಲಿದೆ. ತಾತನ್ನ ಗ್ರೀಸ್ ಡಬ್ಬಿ ಪಕ್ಕ ಮಲಗಿಸ್ಬೇಕಿತ್ತಾ? ರಾತ್ರಿಯೆಲ್ಲ ಕೂತು ತೊಳೆದಿದೀನಿ ಗಾಡೀನ. ನೀನು ಆಗ ವಿಮಾನದಲ್ಲಿ ಕೋಳಿ ತಿಂತಿದ್ದೆ.”

“ಕುಡಿಯೋಕೆ ನೀರೂ ಇಲ್ವಾ?”

“ಹೆಣದ ಗಾಡೀಲಿ ತಿನ್ನೋದು ಕುಡಿಯೋದು ಇಟ್ಕೋತಾರೇನೋ?” ಎಂದು ಒಳಗಿನಿಂದ ಅಜ್ಜಿ ಗದರಿದಳು. “ಪರ್ತಲ್ಲಿ ಅದೂ ಮರ್ತೋಯ್ತಾ ನಿಂಗೆ?”

ಟೀಪೆನೆ ಕೈ ಮೇಲೆತ್ತಿದ. ನಂತರ ಮಂಡಿಯೂರಿ, ಬರಿಗೈಯಲ್ಲಿ ಮರಳು ಬಗೆಯಲು ಶುರುಮಾಡಿದ. ಬೇರೆ ದಾರಿ ಇಲ್ಲದ್ದರಿಂದ ನಿಕೋರಾನೂ ಮತ್ತೊಂದು ಚಕ್ರದ ಹತ್ತಿರ ಕೂತ. ಒಂದು ಬೊಗಸೆ ತೆಗೆದರೆ ಎರಡು ಬೊಗಸೆ ಜಾರಿ ಬೀಳುತ್ತಿತ್ತು.

“ಟೈರಿಂದ ಗಾಳಿ ಬಿಟ್ಟಿದೀಯಾ?”

“ಗಾಳಿ ಬಿಡೋದು ಟೂರಿಸ್ಟರು.”

“ಹೌದು. ಅವರು ಈಗ ಹೋಟೆಲಲ್ಲಿ ಮೀನು ತಿಂತಿದಾರೆ.”

ನಿಕೋರಾಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು. ಮಾವ ಹೇಳಿದ್ದು ನಿಜ ಎಂಬುದಕ್ಕೇ ಹೆಚ್ಚು. ಬೀಗದ ಕೈಯ ತುದಿಯಿಂದ ಒಂದೊಂದೇ ಟೈರಿನ ಗಾಳಿ ಬಿಟ್ಟ. ಟೈರುಗಳು ಬುಸ್ಸೆಂದು, ಮರಳಿನಲ್ಲಿ ಹೂಳದ ಹಾಗೆ ಹೊಟ್ಟೆ ಅಗಲಿಸಿಕೊಂಡವು. ಅಷ್ಟರಲ್ಲಿ ಒಂದು ಅಲೆ, ಉಳಿದವಕ್ಕಿಂತ ಉದ್ದದ್ದು, ನಾಲಿಗೆ ಚಾಚಿ ಬಂದು ಎಡಗಡೆಯ ಮುಂದಿನ ಚಕ್ರವನ್ನು ನೆಕ್ಕಿ ಹೋಯಿತು.

ಇಬ್ಬರೂ ಕೈ ನಿಲ್ಲಿಸಿ ಅದನ್ನು ನೋಡಿದರು.

“ಹಿಂದಕ್ಕೆ ತೆಗಿ,” ಎಂದ ಟೀಪೆನೆ. “ಬಂದ ಜಾಡಲ್ಲೇ ಹಿಂದೆ. ಆ ಮರಳು ಆಗ್ಲೇ ತುಳಿದು ಗಟ್ಟಿಯಾಗಿರತ್ತೆ.”

“ಹಿಂದಕ್ಕಾ?” ಅಜ್ಜಿ ಟಾರ್ಪಾಲು ಸರಿಸಿ ತಲೆ ಹೊರಹಾಕಿದಳು. “ಮನೆಗೆ ಹೊರಟವನನ್ನ ಹಿಂದಕ್ಕೆ ಒಯ್ತೀರಾ? ನನ್ನಣ್ಣ ಒಂದು ಹೆಜ್ಜೇನೂ ಹಿಂದೆ ಹೋಗಲ್ಲ.”

ಹಾಗೆಂದು ಯಾವ ಕಟ್ಟಳೆಯೂ ಇರಲಿಲ್ಲ. ಅದು ಅವಳದೇ ಮಾತು. ಆದರೆ ನಿಕೋರಾಗೂ ಅದೇ ಸರಿಯೆನಿಸಿತು, ಮಾವ ಹೇಳಿದ್ದರ ವಿರುದ್ಧ ಯಾವುದಿದ್ದರೂ ಆ ಹೊತ್ತಿಗೆ ಅವನಿಗೆ ಸರಿಯೆನಿಸುತ್ತಿತ್ತು. ಮುಂದಕ್ಕೇ ಹೊಡೆದ. ಕಾಲ ಕೆಳಗಿನ ರಬ್ಬರ್ ಚಾಪೆಗಳನ್ನು ಚಕ್ರಕ್ಕೆ ಕೊಟ್ಟು ನೋಡಿದರು. ಚಕ್ರ ಅವನ್ನು ಎಳೆದುಕೊಂಡು ಹಿಂದೆ ಉಗುಳಿತು, ಒಂದು ಟೀಪೆನೆಯ ಮೊಣಕಾಲಿಗೆ ಬಡಿಯಿತು. ಗಾಡಿ ಏರಲಿಲ್ಲ. ಬದಲಿಗೆ ಎಡಕ್ಕೆ, ಕಡಲ ಕಡೆಗೆ ವಾಲಿ, ಒಳಗೆ ಪೆಟ್ಟಿಗೆ ಕಿರ್ರೆಂದು ಜಾರಿತು.

“ಅಜ್ಜೀ!”

“ಇದೀನಿ. ಕಾಲು ಕೊಟ್ಟು ಹಿಡ್ಕೊಂಡಿದೀನಿ ಇವನ್ನ. ದಢೂತಿ!”

ಈಗ ಹಿಂದಕ್ಕೆ ತೆಗೆಯಲು ನೋಡಿದರೆ ಅದೂ ಆಗಲಿಲ್ಲ. ತುಳಿದ ಜಾಡಿನಿಂದ ಗಾಡಿ ಪಕ್ಕಕ್ಕೆ ಸರಿದುಬಿಟ್ಟಿತ್ತು. ಮೊದಲೇ ತೆಗೆದಿದ್ದರೆ ಬರುತ್ತಿತ್ತು. ಟೀಪೆನೆ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನಿಕೋರಾ ಅವನನ್ನು ಹೊಡೆದೇಬಿಡುತ್ತಿದ್ದ.

“ಪೆಟ್ಟಿಗೆ ಇಳಿಸೋಣ,” ಎಂದ ಮಾವ ಉಸಿರು ತಿರುಗಿಸಿಕೊಳ್ಳುತ್ತ. “ಅಜ್ಜೀನೂ ಪೆಟ್ಟಿಗೆನೂ ದಿಬ್ಬದ ಬುಡಕ್ಕೆ. ಗಾಡಿ ಹಗುರ ಆಗತ್ತೆ.”

“ಎತ್ತಿ ನೋಡು,” ಎಂದ ನಿಕೋರಾ. “ಮಧ್ಯಾಹ್ನ ಎಂಟು ಜನ ಎತ್ತಿದ್ರು. ಆ ಡಾಕ್ಟ್ರೂ ಕೈ ಹಾಕಿದ್ದ.”

ಅದು ಅಂಗಡಿಯ ಪೆಟ್ಟಿಗೆಯಲ್ಲ. ಜೌಗಿನಲ್ಲಿ ಸಾವಿರಾರು ವರ್ಷ ಹೂತಿದ್ದ ಕೌರಿ ಮರದ ದಿಮ್ಮಿಯೊಂದನ್ನು ತಾತ ತನ್ನ ಹೊಲದಲ್ಲಿ ತಾನೇ ಅಗೆದು ತೆಗೆದಿದ್ದ. ಶೆಡ್ಡಿನಲ್ಲಿ ಒಣಗಿಸಿ, ಸಾಯುವ ಮೊದಲಿನ ಬೇಸಿಗೆಯಲ್ಲಿ ಮೊಮ್ಮಗನನ್ನು ಜೊತೆಗೆ ಕೂರಿಸಿಕೊಂಡು ಪೆಟ್ಟಿಗೆ ಮಾಡಿದ್ದ. ಉಳಿ ಹಿಡಿಯಲು ತಾತನ ಕೈಯಲ್ಲಿ ಶಕ್ತಿ ಉಳಿಯದಾದಾಗ ಮುಚ್ಚಳದ ಕೆತ್ತನೆಯನ್ನೆಲ್ಲ ನಿಕೋರಾನೇ ಮಾಡಿದ. ಶಾಲೆಯಲ್ಲಿ ಒಂದು ವಾಕ್ಯ ನೆಟ್ಟಗೆ ಬರೆಯಲು ಬಾರದ ಹುಡುಗ ಎನಿಸಿಕೊಂಡವನು ಆ ಮರದ ಮೇಲೆ ಮನೆತನದ ಎಲ್ಲ ಹೆಸರುಗಳನ್ನೂ ಸುರುಳಿ ಸುರುಳಿಯಾಗಿ ಕೆತ್ತಿದ್ದ. ಮುಚ್ಚಳವೊಂದನ್ನೇ ಎತ್ತಲು ಇಬ್ಬರು ಬೇಕು. ಗಾಡಿ ಹೂತದ್ದಕ್ಕೆ ಅದರ ಭಾರವೂ ಕಾರಣವೆಂದು ಅವನಿಗೆ ಗೊತ್ತಿತ್ತು.

ಟೀಪೆನೆ ಒಂದು ತುದಿಗೆ ಕೈಹಾಕಿ ಎಳೆದು ನೋಡಿದ. ಪೆಟ್ಟಿಗೆ ಅಲುಗಲಿಲ್ಲ. “ಅಪ್ಪ,” ಎಂದ ಪೆಟ್ಟಿಗೆಗೆ, “ಬದುಕಿದ್ದಾಗಲೂ ಹೀಗೇ. ಒಂದಿಂಚು ಬಗ್ಗಲಿಲ್ಲ ನೀನು.”

ಅಜ್ಜಿ ಕಿಸಕ್ಕನೆ ನಕ್ಕಳು. ನಿಕೋರಾ ನಗಲಿಲ್ಲ.

ಮಾವನ ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಓಡಿ ಹೋಗಿ ಟ್ರ್ಯಾಕ್ಟರ್ ತರುವಷ್ಟರಲ್ಲಿ ಅಲೆಗಳು ದಿಬ್ಬದ ಗೋಡೆಗೆ ಬಡಿಯುತ್ತಿರುತ್ತವೆ. ಹಾಗೆ ಬಡಿದು ಗಾಡಿಗಳನ್ನು ತಿಂದದ್ದನ್ನು ಮೂವರೂ ನೋಡಿದ್ದರು. ವಾರದ ನಂತರ ಮರಳಿನ ಮೇಲೆ ಬರೀ ಸೂರು ಕಾಣುತ್ತದೆ, ಅದರ ಮೇಲೆ ಕಡಲ ಹಕ್ಕಿ ಕೂತಿರುತ್ತದೆ.

“ಅಜ್ಜಿ, ನೀನಾದ್ರೂ ಇಳಿದು ದಿಬ್ಬ ಹತ್ತು,” ಎಂದ ನಿಕೋರಾ.

“ಇವನನ್ನ ಬಿಟ್ಟಾ?”

“ನೀರು ಬರ್ತಿದೆ.”

“ಬರ್ಲಿ. ಈಜು ಕಲಿಸಿದ್ದು ಇವನೇ.” ಅವಳು ಶಾಲು ಬಿಗಿ ಮಾಡಿಕೊಂಡು ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಳು. ತಮಾಷೆ ಮಾಡುತ್ತಿದ್ದಾಳೆ ಎಂದು ಯಾರಿಗೂ ಅನ್ನಿಸಲಿಲ್ಲ. ಇಳಿಯುವುದಿಲ್ಲ ಎಂದರೆ ಅವಳು ಇಳಿಯುವುದಿಲ್ಲ.

ಇನ್ನೊಂದು ಅಲೆ ಬಂತು. ಈ ಸಲ ಗಾಡಿಯ ಕೆಳಗಿನಿಂದ ಹಾಯ್ದು, ಅಗೆದ ಗುಂಡಿಗಳನ್ನೆಲ್ಲ ತುಂಬಿ, ಹೋಗುವಾಗ ಚಕ್ರಗಳ ಸುತ್ತಲಿನ ಮರಳನ್ನೂ ಹೀರಿಕೊಂಡು ಹೋಯಿತು. ಗಾಡಿ ಮತ್ತೆ ಇಳಿಯಿತು.

ಟೀಪೆನೆ ಎದ್ದು ನಿಂತ. ಕೋಟು ತೆಗೆದೆಸೆದಿದ್ದ, ಬಿಳಿ ಅಂಗಿ ಮೈಗೆ ಅಂಟಿತ್ತು. ಗಣಿಯಲ್ಲಿ ದುಡಿದ ಕೈಗಳು ಮರಳಿಗೆ ಉಜ್ಜಿ ಕೆಂಪಾಗಿದ್ದವು.

“ಹಲಗೆ ಒಂದಿದೆ,” ಎಂದ.

ನಿಕೋರಾಗೆ ತಕ್ಷಣ ಅರ್ಥವಾಗಲಿಲ್ಲ. ಮಾವನ ಕಣ್ಣು ಎಲ್ಲಿ ನಿಂತಿದೆಯೆಂದು ನೋಡಿದ. ಅರ್ಥವಾದ ಕ್ಷಣ ಎರಡು ಹೆಜ್ಜೆಯಲ್ಲಿ ಹೋಗಿ ಅವನ ಕೊರಳಪಟ್ಟಿ ಹಿಡಿದ.

“ಇನ್ನೊಂದ್ಸಲ ಹೇಳು.”

“ಮುಚ್ಚಳ. ಎರಡೂ ಹಿಂದಿನ ಚಕ್ರಕ್ಕೆ ಅಡ್ಡಲಾಗಿ ಸಾಕಾಗೋವಷ್ಟು ಉದ್ದ ಇದೆ. ದಪ್ಪ ಇದೆ.”

“ಅದನ್ನ ಕೆತ್ತಿದ್ದು ಯಾರು ಗೊತ್ತಾ ನಿಂಗೆ? ತಾತನಿಗೆ ಉಚ್ಚೆ ಬಟ್ಲು ಹಿಡಿದಿದ್ದು ಯಾರು? ಅವನು ನಿನ್ನ ಹೆಸರು ಕರೆದಾಗ್ಲೆಲ್ಲ ‘ಹೂಂ ಬರ್ತಾನೆ, ಬರ್ತಾನೆ’ ಅಂತ ಸುಳ್ಳು ಹೇಳಿದ್ದು ಯಾರು? ಸತ್ತ ಮೇಲೆ ಟೈ ಕಟ್ಕೊಂಡು ಬಂದು ಅವನ ಮುಚ್ಚಳದ ಮೇಲೆ ಗಾಡಿ ಹತ್ತಿಸು ಅಂತೀಯಾ?”

“ಹತ್ತಿಸ್ದೇ ಇದ್ರೆ ಅವನ ಮೇಲೆ ಕಡಲು ಹತ್ತತ್ತೆ.”

“ನಿನ್ನಿಂದ ತಡ ಆಗಿದ್ದು!”

“ಹೌದು. ನನ್ನಿಂದ್ಲೇ. ಹೊಡಿ. ಹೊಡೆದ್ಮೇಲೆ ಮುಚ್ಚಳ ಹಿಡ್ಕೋ.”

ನಿಕೋರಾ ಮುಷ್ಟಿ ಎತ್ತಿದ್ದ. ಮಾವ ಮುಖ ತಿರುಗಿಸಲಿಲ್ಲ, ಕಣ್ಣು ಮುಚ್ಚಲಿಲ್ಲ.

“ಹೊಡೆದಾಡೋದಾದ್ರೆ ನೀರಿಗಿಳಿದು ಹೊಡೆದಾಡಿ,” ಎಂದಳು ಅಜ್ಜಿ. “ನನ್ನಣ್ಣನ ಎದುರಿಗೆ ಬೇಡ. ನಿಕೋರಾ, ಬಾ ಇಲ್ಲಿ. ಈ ಬೆಣೆ ಗಟ್ಟಿಯಾಗಿದೆ, ನನ್ ಕೈಲಿ ಬರ್ತಿಲ್ಲ.”

ಅವಳು ಆಗಲೇ ಮುಚ್ಚಳದ ಮೇಲೆ ಹಾಸಿದ್ದ ಹಕ್ಕಿಗರಿಯ ಹೊದಿಕೆಯನ್ನು ಮಡಚಿಟ್ಟು, ಮರದ ಬೆಣೆಗಳನ್ನು ಒಂದೊಂದಾಗಿ ಕೀಳುತ್ತಿದ್ದಳು.

“ಅಜ್ಜಿ, ನೀನೂ...”

“ನಾನು ಅವನ ತಂಗಿ. ಅವನ ಹತ್ರ ಮಾತಾಡೋದು ನನಗೆ ಬಿಡು.” ಪೆಟ್ಟಿಗೆಯ ಮೇಲೆ ಬಗ್ಗಿದಳು. ಮೊದಲು ಹಳೆಯ ಮಾತುಗಳಲ್ಲಿ, ತಗ್ಗಿದ ದನಿಯಲ್ಲಿ, ಮಾಡಬೇಕಾದ ಪ್ರಾರ್ಥನೆ ಮಾಡಿದಳು. ಆಮೇಲೆ ಪಕ್ಕದ ಮನೆಯವನನ್ನು ಬಯ್ಯುವ ಹಾಗೆ ಹೇಳಿದಳು: “ಹೈಮೋನಾ, ಚಿಕ್ಕವನಿದ್ದಾಗ ಚಳಿ ರಾತ್ರಿ ನನ್ನ ಹೊದಿಕೆ ಎಳ್ಕೊಂಡು ಮಲಗ್ತಿದ್ದೆಯಲ್ಲ, ಇವತ್ತು ನಿಂದು ನಾನು ಎಳ್ಕೋತೀನಿ. ಮುಖ ಊದಿಸ್ಕೋಬೇಡ.”

ಬೆಣೆ ಕಿತ್ತು ಮುಚ್ಚಳ ಎತ್ತಿದಾಗ ತಾತನ ಮುಖಕ್ಕೆ ಇಳಿಬಿಸಿಲು ಬಿತ್ತು. ನಿಕೋರಾ ನೋಡಬಾರದೆಂದುಕೊಂಡಿದ್ದ, ನೋಡಿದ. ಗಾಳಿಗೆ ಬಿಳಿ ಹುಬ್ಬು ಅಲುಗುತ್ತಿತ್ತು. ಅಜ್ಜಿ ಗರಿಯ ಹೊದಿಕೆಯನ್ನು ಅಣ್ಣನ ಗಲ್ಲದವರೆಗೆ ಎಳೆದು, ಸಿಡಿಯುವ ನೀರಿಗೆ ತನ್ನ ಬೆನ್ನು ಅಡ್ಡ ಕೊಟ್ಟು ಕೂತಳು.

ಮುಚ್ಚಳವನ್ನು ಇಬ್ಬರೂ ಹಿಡಿದು ಇಳಿಸಿದರು. ಹಿಂದಿನ ಚಕ್ರಗಳ ಮುಂದೆ ಬಗೆದು, ಅಡ್ಡಲಾಗಿ ತೂರಿಸಲು ನೋಡಿದರು. ನಿಕೋರಾ ಕೆತ್ತನೆಯ ಮುಖವನ್ನು ಕೆಳಗೆ ಮಾಡಿದ.

“ಉಲ್ಟಾ ಹಾಕು,” ಎಂದ ಟೀಪೆನೆ ಮೆಲ್ಲಗೆ.

“ಏನು?”

“ಆ ಕಡೆ ನುಣ್ಣಗೆ ಹೆರೆದಿದೀರಿ. ಒದ್ದೆ ಟೈರು ಜಾರತ್ತೆ. ಕೆತ್ತನೆ ಮೇಲಿದ್ರೆ ಕಚ್ಕೊಳತ್ತೆ.”

ನಿಕೋರಾ ಮರಳಿನ ಮೇಲೆ ಕೂತುಬಿಟ್ಟ. ಒಂದು ಇಡೀ ಬೇಸಿಗೆ ಆ ಸುರುಳಿಗಳ ಮೇಲೆ ಬಗ್ಗಿದ್ದ. ಉಳಿ ಜಾರಿ ಹೆಬ್ಬೆರಳು ಸೀಳಿದ್ದ. ಪ್ರತಿ ಹೆಸರು ಮುಗಿದಾಗಲೂ ತಾತ ಬೆರಳಿನಿಂದ ತಡವಿ, ಸರಿಯಿದ್ದರೆ ಗಂಟಲಲ್ಲೇ ಹೂಂ ಎನ್ನುತ್ತಿದ್ದ. ಒಂದು ಅಲೆ ಬಂದು ಅವನ ಸೊಂಟದವರೆಗೂ ನೆನೆಸಿತು. ಅವನು ಎದ್ದು, ಮುಚ್ಚಳವನ್ನು ತಿರುಗಿಸಿ, ಕೆತ್ತನೆ ಮೇಲೆ ಮಾಡಿ, ಕಾಲಿನಿಂದ ಒತ್ತಿ ಒತ್ತಿ ಟೈರಿನ ಕೆಳಗೆ ಸೇರಿಸಿದ.

“ಒಂದ್ಸಲ ಹತ್ತಿದ್ರೆ ನಿಲ್ಲಿಸ್ಬೇಡ,” ಎಂದ ಮಾವ. “ಯಾರು ಕೂಗಿದ್ರೂ ನಿಲ್ಲಿಸ್ಬೇಡ. ಅಜ್ಜಿ ಕೋಲಲ್ಲಿ ಹೊಡೆದ್ರೂ ಸರಿ. ಕರಿಬಂಡೆ ಬರೋವರೆಗೂ.”

“ಗೊತ್ತು.”

“ಮೆಲ್ಲಗೆ ಒತ್ತು. ಸಿಟ್ಟಲ್ಲಿ ಒತ್ತಬೇಡ.”

“ಗೊತ್ತು ಅಂದೆ!”

ಅವನು ಒಳಗೆ ಕೂತು ಲೋ ಗೇರಿಗೆ ಹಾಕಿದ. ಕನ್ನಡಿಯಲ್ಲಿ ಟೀಪೆನೆ ಗಾಡಿಯ ಹಿಂದೆ ಭುಜ ಕೊಟ್ಟು ನಿಂತದ್ದು ಕಾಣುತ್ತಿತ್ತು. ಅಲೆ ಬಂತು. ಹೋಗುವವರೆಗೆ ಕಾದ. ಕ್ಲಚ್ಚು ಬಿಟ್ಟ.

ಚಕ್ರ ತಿರುಗಿತು, ತಡಕಾಡಿತು. ಕೆಳಗೆ ಮರ ಕರಕರ ಎಂದಿತು. ಗಾಡಿಯ ಬೆನ್ನು ಸ್ವಲ್ಪ ಎದ್ದು ಮತ್ತೆ ಕೂತಿತು. ಇನ್ನೊಮ್ಮೆ. ಎದ್ದಿತು, ಅಲ್ಲೇ ತೂಗಿತು, ಕೂತಿತು. ಹಿಂದೆ ಟೀಪೆನೆ ಬಾಯಿಗೆ ಬಂದ ಬೈಗುಳವನ್ನೆಲ್ಲ ಗಾಡಿಗೆ, ಕಡಲಿಗೆ, ಅಪ್ಪನಿಗೆ ಹಂಚುತ್ತಿದ್ದ. ನಿಕೋರಾ ಕಾಲಿಗೆ ಹೇಳಿದ, ಮೆಲ್ಲಗೆ, ಮೆಲ್ಲಗೆ. ಟೈರು ಏನನ್ನೋ ಕಚ್ಚಿತು. ಕಚ್ಚಿದ್ದು ಯಾವುದನ್ನು ಎಂದು ಅವನ ಹಲ್ಲಿಗೇ ತಿಳಿಯಿತು. ಬಂದೂಕು ಹಾರಿಸಿದ ಹಾಗೆ ಮರ ಸೀಳಿದ ಸದ್ದು. ಗಾಡಿ ಮೇಲೆದ್ದು ಮುಂದಕ್ಕೆ ನೆಗೆಯಿತು.

ನಿಲ್ಲಿಸಲಿಲ್ಲ. ಸ್ಟೇರಿಂಗ್ ಕೈಯಲ್ಲಿ ಹಾವಿನಂತೆ ಹೊರಳುತ್ತಿತ್ತು. ಎಡಗಡೆಯ ಚಕ್ರಗಳು ನೀರು ಸೀಳುತ್ತ, ಬಲಗಡೆಯವು ದಿಬ್ಬದ ಬುಡ ಸವರುತ್ತ ಹೋದವು. ಮುಂದಿನ ಗಾಜಿನ ಮೇಲೆ ನೊರೆ ಸಿಡಿದು ಕರಿಬಂಡೆ ಮಾಯವಾಯಿತು, ಮತ್ತೆ ಕಂಡಿತು. ಹಿಂದೆ ಅಜ್ಜಿ ಜೋರಾಗಿ ಏನೋ ಹಾಡುತ್ತಿದ್ದಳು, ಅಥವಾ ಬಯ್ಯುತ್ತಿದ್ದಳು. ಚಕ್ರದ ಕೆಳಗೆ ಕಲ್ಲು ಕುಟುಕುಟು ಎನ್ನುವವರೆಗೂ ಅವನು ಉಸಿರು ಬಿಡಲಿಲ್ಲ.

ಕರಿಬಂಡೆಯ ಏರಿನಲ್ಲಿ, ಗಟ್ಟಿ ನೆಲದ ಮೇಲೆ, ಗಾಡಿ ನಿಂತಿತು. ಇಲ್ಲಿಂದ ಅಂಗಳಕ್ಕೆ ಗುಡ್ಡ ಹತ್ತಿದರೆ ಸಾಕು. ಸೂರ್ಯ ನೀರಿಗಿಂತ ಒಂದು ಅಂಗೈಯಷ್ಟು ಮೇಲಿದ್ದ. ಈಗಲೇ ಹೊರಟರೆ ಬೆಳಕಿರುವಾಗ ಆರಾಮಾಗಿ ತಲುಪಬಹುದು.

ಅವನು ಇಳಿದು ಹಿಂದೆ ನೋಡಿದ. ಮಾವ ಓಡಿ ಬರುತ್ತಿರಬೇಕಿತ್ತು. ಬರುತ್ತಿರಲಿಲ್ಲ. ದೂರದಲ್ಲಿ, ಗಾಡಿ ಹೂತಿದ್ದ ಜಾಗದಲ್ಲೇ, ಬಿಳಿ ಅಂಗಿಯೊಂದು ನೊರೆಯಲ್ಲಿ ಮಂಡಿಯೂರಿ ಮರಳು ಬಗೆಯುತ್ತಿತ್ತು. ಅಲೆ ಬಂದಾಗ ಬಿಳಿ ಅಂಗಿ ಕಾಣೆಯಾಗುತ್ತಿತ್ತು. ಹೋದಾಗ ಮತ್ತೆ ಅಲ್ಲೇ.

“ಹುಚ್ಚ,” ಎಂದ ನಿಕೋರಾ. “ಬಿಟ್ಟು ಬರೋ ಹುಚ್ಚಾ!” ಅಷ್ಟು ದೂರಕ್ಕೆ ಕೇಳುವುದಿಲ್ಲ.

ಬಿಟ್ಟು ಹೋಗಬಹುದಿತ್ತು. ದಿಬ್ಬದ ಮೇಲೆ ಹುಲ್ಲು ಹಿಡಿದು ಹತ್ತಿ ಹೇಗೋ ಬರುತ್ತಾನೆ, ಬರದಿದ್ದರೆ ಅವನ ಹಣೆಬರಹ. ತಾತ ಬದುಕಿದ್ದಾಗ ಬಾರದವನು. ಕೊಟ್ಟ ಮಾತಿರುವುದು ತಾತನಿಗೆ, ಇವನಿಗಲ್ಲ. ನಿಕೋರಾ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟ. ಬೆಳಕು ಒಂದೊಂದು ಕೂದಲಿನಷ್ಟು ಇಳಿಯುತ್ತಿತ್ತು.

ನಂತರ ಹಿಡಿ ಬಿಟ್ಟು, ನೀರು ತುಂಬಿದ ಶೂಗಳನ್ನು ಕಿತ್ತೆಸೆದ.

“ಎಲ್ಲಿಗೆ?” ಎಂದಳು ಅಜ್ಜಿ ಒಳಗಿನಿಂದ.

“ಮುಚ್ಚಳ ತರ್ತೀನಿ.”

“ಮುಚ್ಚಳಕ್ಕಾ?”

“ಮುಚ್ಚಳಕ್ಕೆ!”

“ಹೂಂ,” ಎಂದಳು. “ಓಡು ಮತ್ತೆ.”

ಅವನು ಓಡಿದ. ನೀರು ಮೊಣಕಾಲಿಗೆ ಬರುತ್ತಿತ್ತು, ಹಿಂದೆ ಹೋಗುವಾಗ ಪಾದದ ಕೆಳಗಿನ ನೆಲವನ್ನೇ ಎಳೆಯುತ್ತಿತ್ತು. ಎರಡು ಸಲ ಬಿದ್ದ. ತಲುಪಿದಾಗ ಟೀಪೆನೆಯ ತುಟಿ ನೀಲಿಯಾಗಿತ್ತು. ಮುಚ್ಚಳದ ಒಂದು ಮೂಲೆ ಮಾತ್ರ ಮರಳಿನಿಂದ ಹೊರಗಿತ್ತು. ಅವನು ಅದನ್ನು ಎದೆಗವಚಿಕೊಂಡು ಕೂತಿದ್ದ.

“ನೀನ್ಯಾಕ್ ಬಂದೆ?” ಎಂದ ಹಲ್ಲು ಕಟಕಟಿಸುತ್ತ. “ಬೆಳಕು ಹೋಗತ್ತೆ! ಅಪ್ಪ ಹೊರಗೆ ಉಳೀತಾನೆ! ಹೋಗು!”

“ಬಾಯಿ ಮುಚ್ಕೊಂಡು ಎಳಿ.”

“ನಾನು ಹೇಳಿ ಹಾಕಿಸಿದ್ದು. ನಾನೇ ತರ್ತೀನಿ.”

“ನಿನ್ನಪ್ಪನ ತಲೆ ತರ್ತೀಯಾ. ಎಳಿ!”

ಮುಂದಿನ ಅಲೆ ಇಬ್ಬರನ್ನೂ ಮಗುಚಿ ಹಾಕಿತು. ಉಪ್ಪು ನೀರು ಮೂಗಿಗೆ ನುಗ್ಗಿತು. ನಿಕೋರಾ ಕೈಗೆ ಸಿಕ್ಕ ಅಂಗಿಯನ್ನು ಹಿಡಿದುಕೊಂಡ, ಅದು ಹರಿಯಿತು, ತೋಳು ಹಿಡಿದ. ಅಲೆ ಹಿಂದೆ ಸರಿಯುವಾಗ ಮರಳು ಒಂದು ಕ್ಷಣ ಗಂಜಿಯಂತೆ ಸಡಿಲವಾಯಿತು. “ಈಗ!” ಎಂದು ಇಬ್ಬರೂ ಒಟ್ಟಿಗೇ ಕೂಗಿದರು. ಮುಚ್ಚಳ ಚಪ್ಪರಿಸಿದ ಸದ್ದು ಮಾಡುತ್ತ ಕಿತ್ತು ಬಂತು. ಉದ್ದಕ್ಕೂ ಬಿರುಕು ಬಿಟ್ಟಿತ್ತು. ಒಂದು ಮೂಲೆಯಲ್ಲಿ ಅವನು ಕೆತ್ತಿದ್ದ ಹಕ್ಕಿಯ ತಲೆ ಮುರಿದುಹೋಗಿತ್ತು.

ತಲೆಯ ಮೇಲೆ ಹೊತ್ತುಕೊಂಡು ನಡೆದರು. ಮುಂದೆ ನಿಕೋರಾ, ಹಿಂದೆ ಟೀಪೆನೆ. ಓಡಲಾಗುತ್ತಿರಲಿಲ್ಲ. ಎಡಗಣ್ಣಿನ ಅಂಚಿನಲ್ಲಿ ಸೂರ್ಯ ಅಗಲವಾಗಿ, ಕೆಂಪಾಗಿ, ನೀರಿಗೆ ತಾಗುವಷ್ಟು ಹತ್ತಿರ.

“ಬರ್ತೀನಿ ಬರ್ತೀನಿ ಅಂತಾನೇ ಇದ್ದೆ,” ಎಂದಿತು ಹಿಂದಿನಿಂದ ದನಿ. “ಅವನು ಸಾಯೋ ಪೈಕಿ ಅಲ್ಲ ಅಂದ್ಕೊಂಡಿದ್ದೆ.”

“ಸತ್ತ.”

“ಹೂಂ.”

“ಕಾಲು ನೋಡ್ಕೊಂಡು ಇಡು. ಕಲ್ಲಿದೆ.”

ಮುಚ್ಚಳವನ್ನು ಪೆಟ್ಟಿಗೆಯ ಮೇಲೆ ಕೂರಿಸುವಷ್ಟು ಹೊತ್ತಿರಲಿಲ್ಲ. ಅಜ್ಜಿಯ ಪಕ್ಕ ತೂರಿಸಿ, ನಿಕೋರಾ ಗಾಡಿ ಹೊಡೆದ. ಗಾಳಿಯಿಲ್ಲದ ಟೈರುಗಳು ಜಲ್ಲಿ ರಸ್ತೆಯಲ್ಲಿ ಪಟಪಟ ಬಡಿಯುತ್ತಿದ್ದವು. ಟೀಪೆನೆ ಕತ್ತು ತಿರುಗಿಸಿ ಕಡಲನ್ನೇ ನೋಡುತ್ತಿದ್ದ.

“ತಾಗಿತು,” ಎಂದ ಮೊದಲ ತಿರುವಿನಲ್ಲಿ. ಎರಡನೆಯ ತಿರುವಿನಲ್ಲಿ, “ಕಾಲು ಭಾಗ ಹೋಯ್ತು.” ಆಮೇಲೆ, “ಅರ್ಧ. ಒತ್ತೋ! ಈಗ ಸಿಟ್ಟಲ್ಲೇ ಒತ್ತು!”

ಅಂಗಳದ ಬಾಗಿಲ ಮುಂದೆ ಜನ ಗುಂಪಾಗಿ ನಿಂತು ರಸ್ತೆಯನ್ನೇ ನೋಡುತ್ತಿದ್ದರು. ಗಾಡಿ ನಿಲ್ಲುವ ಮೊದಲೇ ಗಂಡಸರು ಹಿಂದಿನ ಬಾಗಿಲು ತೆರೆದರು, ತೆರೆದವರು ಹಾಗೇ ನಿಂತರು. ಮುಚ್ಚಳವಿಲ್ಲದ ಪೆಟ್ಟಿಗೆ. ಗಲ್ಲದವರೆಗೆ ಗರಿಯ ಹೊದಿಕೆ, ಹುಬ್ಬಿನ ಮೇಲೆ ಮರಳಿನ ಕಾಳು. ಪಕ್ಕದಲ್ಲಿ ತೊಯ್ದು ತೊಪ್ಪೆಯಾದ ಹೂರಿಯಾ. ಅವಳ ಆ ಬದಿಗೆ ಸೀಳಿದ ಮುಚ್ಚಳ, ಹಿರಿಯರ ಹೆಸರುಗಳ ಮೇಲೆ ಅಡ್ಡಕ್ಕೆ ಎರಡು ಕಡೆ ಟೈರಿನ ಹಲ್ಲಿನ ಗುರುತು.

ಹಿ‌ರಿಯನೊಬ್ಬ ಮುಚ್ಚಳವನ್ನೂ ನಿಕೋರಾನ ಬರಿಗಾಲನ್ನೂ ನೋಡಿ, “ಇದೇನು?” ಎಂದ.

ನಿಕೋರಾ ಮುಚ್ಚಳದ ಮೇಲಿನ ಮರಳನ್ನು ಅಂಗೈಯಿಂದ ಒರೆಸತೊಡಗಿದ.

“ದಾರೀಲಿ ಗಾಡಿ ಹೂತೋಯ್ತು,” ಎಂದ ಟೀಪೆನೆ, ಹರಿದ ಅಂಗಿಯಲ್ಲಿ ನಡುಗುತ್ತ. “ನಮ್ಮಿಬ್ಬರ ಕೈಲಿ ಆಗ್ಲಿಲ್ಲ. ಅಪ್ಪನೇ ಎದ್ದು ತಳ್ಳಿದ.”

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಮೂಗಿನಲ್ಲಿ ನಕ್ಕಳು. ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು. ನಗುತ್ತ ನಗುತ್ತಲೇ ಹಲವರು ಅಳತೊಡಗಿದರು.

“ಹಲ್ಲು ಕಿರಿಯೋದು ಆಮೇಲೆ!” ಹೂರಿಯಾ ಊರುಗೋಲು ಎತ್ತಿದಳು. “ಹೊತ್ತು ಮುಳುಗ್ತಿದೆ. ಎತ್ರೋ!”

ಎಂಟು ಜನ ಎತ್ತಿದರು, ಭಾರಕ್ಕೆ ಒಬ್ಬೊಬ್ಬರೂ ನರಳಿದರು. ಕಡಲಿನ ಅಂಚಿನಲ್ಲಿ ಉಗುರಿನಷ್ಟು ಕೆಂಪು ಉಳಿದಿತ್ತು. ಅಂಗಳದ ಆ ತುದಿಯಿಂದ ಕರೆಯುವ ಹೆಂಗಸಿನ ದನಿ ಎದ್ದಿತು, “ಹಾಯೆರೆ ಮಾಯ್”, ಬಾ, ಒಳಗೆ ಬಾ, ಎಂದು ಸತ್ತವನನ್ನು ಹೆಸರು ಹಿಡಿದು ಕರೆಯಿತು. ಹೂರಿಯಾ ಪೆಟ್ಟಿಗೆಯ ಪಕ್ಕ ಒಂದು ಕೈ ಅದರ ಅಂಚಿನ ಮೇಲಿಟ್ಟು ನಡೆಯುತ್ತ ಆ ಕರೆಗೆ ಮರುಕರೆ ಕೊಟ್ಟಳು.

ಹಿಂದೆ ಮುಚ್ಚಳ ಹಿಡಿದು ಟೀಪೆನೆ ಮತ್ತು ನಿಕೋರಾ ನಡೆದರು. ಹುಲ್ಲು ತಣ್ಣಗಿತ್ತು. ನಿಕೋರಾನ ಮುಖದ ಮೇಲೆ ನೀರು ಇಳಿಯುತ್ತಿತ್ತು. ಎರಡೂ ಕೈಯಲ್ಲಿ ಭಾರವಿದ್ದುದರಿಂದ ಒರೆಸಿಕೊಳ್ಳಲಾಗಲಿಲ್ಲ. ಹಾಗೇ ಒಳಗೆ ಹೋದ.